ಒಳಗೆ ಬಿಟ್ಟ ಬಟ್ಟೆ

“ಅಕ್ಕ, ಡಾಕ್ಟ್ರು ಒಂದು ವರ್ಷ ಅಂದ್ರೆ ಒಂದೇ ವರ್ಷಾನಾ?”

ಏನೇ ಇಂದ್ರಾ, ಬಂದಿದ್ದು ಕತ್ತರಿ ಕೇಳೋಕೆ, ಕೇಳ್ತಿರೋದು ಇದಾ? ಕೂತ್ಕೊ. ಕತ್ತರಿ ಎಲ್ಲೂ ಓಡೋಗಲ್ಲ. ಮಡಿಲಲ್ಲಿ ಏನದು, ನಿಮ್ಮತ್ತೆ ನೇರಳೆ ರೇಷ್ಮೆ ಸೀರೆ ತಾನೆ? ಮಗಳಿಗೆ ಲಂಗ ಹೊಲಿಸ್ಬೇಕಾ? ಅತ್ತೆ ಇನ್ನೆಲ್ಲಿ ಉಡ್ತಾರೆ, ಪೆಟ್ಟಿಗೇಲಿ ಸುಮ್ನೆ ಹಾಳಾಗುತ್ತೆ ಅಂತೀಯಾ. ಸರಿ. ಅದಕ್ಕೆ ನಾನೇನೂ ಅನ್ನಲ್ಲ. ನೀನು ಕೇಳಿದ್ದಕ್ಕೆ ಮಾತ್ರ ಹೇಳ್ತೀನಿ.

ಮೊದ್ಲು ಆಣೆ ಇಡು. ನನ್ನ ಕೈ ಮೇಲೆ ಕೈಯಿಟ್ಟು ನಿಮ್ಮನೆ ದೇವ್ರ ಹೆಸ್ರು ಹೇಳು. ಈ ಮಾತು ಈ ಹೊಸ್ತಿಲು ದಾಟ್ಬಾರ್ದು. ಗಂಡನ ಹತ್ರಾನೂ ಬಾಯಿ ಬಿಡ್ಬಾರ್ದು. ಗಂಡಸರ ಬಾಯಿ ನಮ್ಮದಕ್ಕಿಂತ ಸಡ್ಲ, ಟೀ ಅಂಗ್ಡೀಲಿ ಕೂತ್ರೆ ತಾನಾಗೇ ಬಿಚ್ಕೊಳ್ಳುತ್ತೆ. ಯಾಕೆ ಹೇಳ್ತೀನಿ ಅಂದ್ರೆ, ಈ ಕತೇಲಿ ಬರೋ ಹೆಂಗಸಿನ ಗಂಡ ಇನ್ನೂ ಇದಾನೆ. ಬೆಳಿಗ್ಗೆ ಎದ್ರೆ ಇದೇ ಬೀದೀಲಿ ಹಾಲು ಹಾಕ್ತಾನೆ. ಇಟ್ಯಾ ಆಣೆ? ಹೂಂ, ಕೇಳು.

ಹೆಸ್ರು ಹೇಳಲ್ಲ. ಒಬ್ಳು ರವಿಕೆ ಹೊಲಿಯೋಳು ಅಂತಿಟ್ಕೊ.

ಅವಳ ಕೈಗೊಂದು ರೂಢಿ. ಯಾರ ರವಿಕೆ ಹೊಲಿದ್ರೂ ಹೊಲಿಗೆ ಒಳಗೆ ಎರಡೂ ಪಕ್ಕ ಒಂದಿಷ್ಟು ಬಟ್ಟೆ ಬಿಡೋಳು. ಕೇಳಿದ್ರೂ ಬಿಡೋಳು, ಕೇಳ್ದೆ ಇದ್ರೂ ಬಿಡೋಳು. ಮುಂದೆ ಮೈ ತುಂಬಿದ್ರೆ ಹೊಲಿಗೆ ಬಿಚ್ಚಿ ಸಡ್ಲ ಮಾಡ್ಕೊಳ್ಳೋಕೆ. “ಇದ್ಯಾಕೆ ಒಳಗೆ ಇಷ್ಟು ದಪ್ಪ, ಚುಚ್ಚುತ್ತೆ ಕಣೇ,” ಅಂತ ಯಾರಾದ್ರೂ ಜಗಳಕ್ಕೆ ಬಂದ್ರೆ, “ಇವತ್ತಿನ ಅಳತೆ ನಾಳೆ ಇರುತ್ತಾ ಅಕ್ಕ?” ಅಂತ ನಗೋಳು. ಒಂದು ಹೆರಿಗೆ ಆದ್ಮೇಲೆ ಅದೇ ಹೆಂಗಸು ಅದೇ ರವಿಕೆ ತಂದು ಬಿಚ್ಚಿಸ್ಕೊಂಡು ಹೋಗೋಳು.

ಒಂದ್ಸಲ ಅವಳ ಕತ್ತಲ್ಲಿ, ತಾಳಿ ಸರದ ಹಿಂದೆ, ಒಂದು ಗಂಟು ಎದ್ತು. ನೋವಿರ್ಲಿಲ್ಲ. ನೋವಿಲ್ಲದ್ದಕ್ಕೆ ಆಸ್ಪತ್ರೆ ಯಾಕೆ ಅಂತ ಸೆರಗು ಹೊದ್ಕೊಂಡು ಹೊಲೀತಾನೇ ಇದ್ಲು. ಧ್ವನಿ ಒಡೆದು ಪಿಸುಮಾತಾದ್ಮೇಲೆ ಗಂಡ ಪೇಟೆ ಆಸ್ಪತ್ರೆಗೆ ಕರ್ಕೊಂಡೋದ. ಥೈರಾಯ್ಡ್ ಕ್ಯಾನ್ಸರ್ ಅಂದ್ರು. ಹೌದು ಕಣೇ, ನಿಮ್ಮತ್ತೆಗೆ ಆಗಿರೋದೇ. ಕುಯ್ದು ಗಂಟು ತೆಗೆದ್ರು. ಆದ್ರೆ ಅಷ್ಟೊತ್ತಿಗೆ ಅದು ಶ್ವಾಸಕೋಶಕ್ಕೂ ಇಳಿದಿತ್ತು, ಮೂಳೆಗೂ ಹತ್ತಿತ್ತು.

ಡಾಕ್ಟ್ರು ಗಂಡನ್ನೂ ನಾದಿನೀನೂ ಒಳಗೆ ಕರೆದು ಕೂರಿಸಿದ್ರು. ಅವಳನ್ನ ಹೊರಗೆ ಬೆಂಚಿನ ಮೇಲೆ ಬಿಟ್ರು.

“ಇಷ್ಟು ಮುಂದುವರಿದೋರಲ್ಲಿ ಅರ್ಧ ಜನ ಎರಡು ವರ್ಷ ದಾಟ್ತಾರೆ, ಅರ್ಧ ಜನ ದಾಟಲ್ಲ,” ಅಂದ್ರು ಡಾಕ್ಟ್ರು. “ಇವ್ರು ಯಾವ ಅರ್ಧಕ್ಕೆ ಸೇರಿದೋರು ಅಂತ ಈಗ್ಲೇ ಹೇಳೋಕಾಗಲ್ಲ. ಔಷಧಿ ಹಿಡಿಯುತ್ತಾ ನೋಡ್ಬೇಕು. ಹಿಡಿದ್ರೆ ಎಷ್ಟೋ ವರ್ಷ ಇದ್ದೋರೂ ಇದಾರೆ.”

ಡಾಕ್ಟ್ರ ಮಾತಲ್ಲಿ ತಪ್ಪೇನಿಲ್ಲ. ಆದ್ರೆ ಬಸ್ಸಲ್ಲಿ ಬರ್ತಾ ಆ ಅರ್ಧ ಅನ್ನೋದು ಎಲ್ಲೋ ಬಿದ್ದೋಯ್ತು. ಎರಡು ವರ್ಷ ಅನ್ನೋದು ಮಾತ್ರ ಮನೆಗೆ ಬಂತು. ನಾದಿನಿ ಅದನ್ನ ನಲ್ಲಿ ಹತ್ರ ತಗೊಂಡೋದ್ಲು, ಅಲ್ಲಿ ಒಂದು ವರ್ಷ ಆಯ್ತು. ನಲ್ಲಿಯಿಂದ ಹಿಟ್ಟಿನ ಗಿರಣಿಗೆ ಹೋಯ್ತು, ಅಲ್ಲಿ ಈ ದೀಪಾವಳಿ ಕಾಣಲ್ಲ ಅಂತಾಯ್ತು. ಬೀದಿಗೆಲ್ಲ ಗೊತ್ತು. ಗೊತ್ತಿಲ್ದೆ ಇದ್ದೋಳು ಅವಳೊಬ್ಳೇ.

ನಿಮ್ಮ ಡಾಕ್ಟ್ರು ಬರೀ ಒಂದು ವರ್ಷ ಅಂದ್ರಾ? ಹಿಂದೆ ಮುಂದೆ ಇನ್ನೇನೂ ಹೇಳ್ಲಿಲ್ವಾ? ನೆನಪಿಲ್ವಾ? ಹೂಂ. ಯಾರಿಗೂ ನೆನಪಿರಲ್ಲ ಬಿಡು.

ದೀಪಾವಳಿ ಹತ್ರ ಬಂತು. ಅವಳ ಮನೇಲಿ ಬೀದಿ ಹೆಂಗಸರ ರವಿಕೆ ಬಟ್ಟೆ ಗಂಟುಗಂಟಾಗಿ ಬಿದ್ದಿತ್ತು. ಮೊದ್ಲು ಒಬ್ಳು ಬಂದ್ಲು. “ಅಯ್ಯೋ, ಈ ಮೈಯಲ್ಲಿ ಯಾಕೆ ಒದ್ದಾಡ್ತೀಯಾ ತಾಯಿ. ರೆಸ್ಟ್ ತಗೊ. ನನ್ನ ಬಟ್ಟೆ ಕೊಡು, ಆಮೇಲೆ ನೋಡೋಣ,” ಅಂದ್ಲು. ಸಂಜೆ ಇನ್ನೊಬ್ಳು ಬಂದ್ಲು, ಅವಳ ಬಾಯಲ್ಲೂ ಅದೇ ಮಾತು. ಮಾರನೇ ದಿನ ಮತ್ತಷ್ಟು ಜನ. ಬಂದೋರು ಯಾರೂ ಮುಖ ನೋಡ್ಲಿಲ್ಲ, ಕತ್ತು ನೋಡಿದ್ರು. ಹೊಲಿಯೋಳು ಸತ್ರೆ ಬಟ್ಟೆ ಮೈಲಿಗೆ ಮನೇಲಿ ಸಿಕ್ಕಾಕ್ಕೊಳ್ಳುತ್ತೆ ಅನ್ನೋ ಭಯ ಕಣೇ. ಇಲ್ದಿದ್ರೆ ಈ ಬೀದಿಯೋರಿಗೆ ಅಷ್ಟು ಕನಿಕರ ಎಲ್ಲಿಂದ ಬರ್ಬೇಕು! ಕತ್ತರಿಸೋಕೆ ಗುರುತು ಹಾಕಿದ್ದ ಬಟ್ಟೇನೂ ಹಾಗೇ ಮಡಿಸಿ ಕೊಟ್ಲು ಕಮಲಾಕ್ಷಿ.

ಅಯ್ಯೋ, ಹೆಸ್ರು ಬಾಯಿಗೆ ಬಂದ್ಬಿಡ್ತು. ನಿನಗೆ ಕೇಳಿಸ್ಲಿಲ್ಲ ಅಂತಿಟ್ಕೊ.

ಅವಳಿಗೆ ಕಾರಣ ಗೊತ್ತಿಲ್ವಲ್ಲ. ಕೈ ಕೆಟ್ಟಿದೆ ಅಂದ್ಕೊಂಡ್ಲು. ಆಪರೇಷನ್ ಆದ್ಮೇಲೆ ಹೊಲಿದದ್ದು ಕಂಕುಳಲ್ಲಿ ಬಿಗಿ ಆಗಿರ್ಬೇಕು, ಬೆನ್ನಲ್ಲಿ ಸೊಟ್ಟ ಬಂದಿರ್ಬೇಕು, ಮುಖಕ್ಕೆ ಹೇಳೋಕಾಗ್ದೆ ವಾಪಸ್ ತಗೊಂಡೋಗ್ತಿದಾರೆ ಅಂತ. ಆಗ ಹೊಲಿದ ತನ್ನದೇ ರವಿಕೆ ತೆಗೆದು, ಒಳಗಿಂದ ಹೊರಗೆ ಮಾಡಿ, ಕಿಟಕಿ ಹತ್ರ ಹಿಡಿದು ಒಂದೊಂದೇ ಹೊಲಿಗೆ ನೋಡಿದ್ಲು. ಎಲ್ಲ ಸರಿಯಾಗಿತ್ತು. ಸರಿಯಾಗಿದ್ದಿದ್ದೇ ಅವಳಿಗೆ ಇನ್ನೂ ಸಂಕಟ.

ಇನ್ನೊಂದು ಕಡೆ ಗಂಡ. ಮೊದ್ಲು ಸಾರಿಗೆ ಉಪ್ಪು ಒಂದು ಚಿಟಿಕೆ ಕಮ್ಮಿಯಾದ್ರೆ ತಟ್ಟೆ ತಳ್ಳಿ ಎದ್ದೋಗ್ತಿದ್ದೋನು. ಈಗ ಹಾಕಿದ್ದು ಉಂಡು ಕೈ ತೊಳ್ಕೊಂಡು ಹೋಗ್ತಿದ್ದ. ಒಂದಿನ ಅವಳು ಬೇಕಂತ್ಲೇ ಉಪ್ಪು ಹಾಕ್ದೆ ಸಾರು ಬಡಿಸಿದ್ಲು. ಬಡಿಸಿ ಎದುರಿಗೇ ಕೂತ್ಲು, ಬೈತಾನೆ ಅಂತ ಕಾಯ್ತಾ. ಅವನು ಪೂರ್ತಿ ಉಂಡು ಎದ್ದ. ಅವತ್ತು ಅವಳಿಗೆ ಭಯ ಆಯ್ತು.

ಆಮೇಲೆ ಆಸ್ಪತ್ರೇಲಿ ಅಯೋಡಿನ್ ಔಷಧಿ ಕೊಟ್ರು. ಅದನ್ನ ತಗೊಂಡೋರ ಮೈಯಿಂದ ವಿಕಿರಣ ಬರುತ್ತಂತೆ, ಹತ್ರ ಯಾರೂ ಹೋಗೋ ಹಾಗಿಲ್ವಂತೆ, ಒಂಟಿ ರೂಮಲ್ಲಿ ಇಡ್ತಾರಂತೆ. ಅಲ್ಲಿ ಗೋಡೆ ನೋಡ್ಕೊಂಡು ಮಲಗಿದ್ದು, ಗುಣ ಆದ್ಮೇಲೆ ಯಾರ್ಯಾರ ಮನೆಗೆ ಹೋಗಿ ಬಟ್ಟೆ ವಾಪಸ್ ಕೇಳ್ಬೇಕು ಅಂತ ಲೆಕ್ಕ ಹಾಕ್ಕೊಂಡು ಮನೆಗೆ ಬಂದ್ಲು. ಬಂದು ನೋಡಿದ್ರೆ ಹೊಲಿಗೆ ಮಿಷನ್ ಇದ್ದ ಜಾಗದಲ್ಲಿ ಹಾಲಿನ ಕ್ಯಾನ್ ಕೂತಿತ್ತು.

“ನನ್ನ ಮಿಷನ್ ಎಲ್ಲಿ?” ಅಂದ್ಲು. ಪಿಸುಮಾತಲ್ವಾ, ಎರಡು ಸಲ ಕೇಳ್ಬೇಕಾಯ್ತು.

“ರಿಪೇರಿಗೆ ಹೋಗಿದೆ,” ಅಂದ ಗಂಡ.

“ಏನಾಗಿತ್ತು ಅದಕ್ಕೆ?”

ಅವನು ಕ್ಯಾನ್ ತಗೊಂಡು ಎದ್ದೋದ.

ಔಷಧಿ ಹಿಡೀತು ಕಣೇ. ಯಾರೂ ಅಂದ್ಕೊಂಡಿರ್ಲಿಲ್ಲ. ಆ ದೀಪಾವಳಿ ದಾಟಿದ್ಲು. ಮುಂದಿನದೂ ದಾಟಿದ್ಲು. ಅದರ ಮುಂದಿನದೂ. ಡಾಕ್ಟ್ರು ಹೇಳಿದ ಇನ್ನೊಂದು ಅರ್ಧದಲ್ಲಿ ಇವಳಿದ್ಲು. ಸಂತೋಷ ಪಡ್ಬೇಕು ತಾನೆ? ಆದ್ರೆ ಆ ಗಂಡ ಅಳೋದನ್ನೆಲ್ಲ ಮೊದಲ್ನೇ ವರ್ಷವೇ ಅತ್ತು ಮುಗಿಸ್ಬಿಟ್ಟಿದ್ದ. ನಲ್ಲಿ ಹತ್ರ ಹೋದ್ರೆ ಹೆಂಗಸರು ಕೊಡ ಇಳಿಸಿ, “ಇನ್ನೂ ಇದೀಯಾ?” ಅನ್ನೋ ಹಾಗೆ ನೋಡೋರು. ನಾದಿನಿ ಬಂದ್ರೆ ಇವಳ ಮಾತ್ರೆ ಡಬ್ಬಿ ಕಡೆ ಒಂದು ಕಣ್ಣು ಹಾಕೋಳು. ಬಟ್ಟೆ ವಾಪಸ್ ಕೊಡಿ ಅಂತ ಕೇಳೋಕೆ ಹೋದ್ರೆ, ಎಲ್ಲರೂ ಬೇರೆ ಟೈಲರ್ ಹಿಡ್ಕೊಂಡಿದ್ರು. ಇವಳು ಮಿಷನ್ ರಿಪೇರಿ ಆಗಿ ಬರುತ್ತೆ ಅಂತ ಕಾಯ್ತಾನೇ ಇದ್ಲು.

ಒಂದಿನ ಅರಿಶಿನ ಕುಂಕುಮಕ್ಕೆ ಅಂತ ನಾದಿನಿ ಮನೆಗೆ ಹೋದ್ಲು. ಕರೆದಿರ್ಲಿಲ್ಲ, ತಾನಾಗೇ ಹೋದ್ಲು. ಬಾಗ್ಲು ಓರೆ ಆಗಿತ್ತು. ಒಳಗೆ ಮಿಷನ್ ಸದ್ದು. ತನ್ನ ಮಿಷನ್ ಸದ್ದು ತನಗೆ ಗೊತ್ತಾಗಲ್ವಾ? ನಾದಿನಿ ಮಗಳು ಹೊಲೀತಾ ಕೂತಿದ್ಲು. ಪಕ್ಕದಲ್ಲಿ ಯಾರೋ ಹೊಸ ಗಿರಾಕಿ, “ಮಿಷನ್ ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?” ಅಂತ ಕೇಳಿದ್ಲು.

“ಇದು ನಮ್ಮತ್ತೇದು,” ಅಂದ್ಲು ಹುಡುಗಿ. “ಅವರು ಇದ್ದಾಗ ಇದರಲ್ಲೇ ಹೊಲೀತಿದ್ರು.”

ಇದ್ದಾಗ. ಹುಡುಗಿ ಮನಸ್ಸಲ್ಲಿ ಕೆಟ್ಟದ್ದೇನೂ ಇರ್ಲಿಲ್ಲ. ಮನೇಲಿ ಹೇಗೆ ಮಾತಾಡ್ತಿದ್ರೋ ಹಾಗೇ ಬಂತು ಬಾಯಿಗೆ. ಆ ಅತ್ತೆ ಹೊಸ್ತಿಲ ಹೊರಗೆ ನಿಂತಿದ್ಲು, ಕೈಯಲ್ಲಿ ಹೂವು ಹಿಡ್ಕೊಂಡು. ಕೂಗೋಣ ಅಂದ್ರೆ ಧ್ವನಿ ಇಲ್ಲ. ಹೂವು ಅಲ್ಲೇ ಬಾಗ್ಲ ಚಿಲಕಕ್ಕೆ ಸಿಗಿಸಿ ಮನೆಗೆ ಬಂದ್ಲು. ಆಮೇಲೆ ಮಿಷನ್ ಮಾತು ಎತ್ತಲೇ ಇಲ್ಲ.

ಅಷ್ಟಾದ್ಮೇಲೂ ಸುಮಾರು ವರ್ಷ ಇದ್ಲು. ಏನು ಮಾಡ್ಕೊಂಡಿದ್ಲು ಅಂತ ಕೇಳ್ಬೇಡ. ಯಾರೂ ಒಂದು ಗುಂಡಿ ಹಾಕಿಕೊಡು ಅಂತ್ಲೂ ಕೇಳ್ಲಿಲ್ಲ. ಕಿಟಕಿ ಹತ್ರ ಕೂತು ದಾರಿ ನೋಡೋಳು. ಬೀದಿಯೋರು ನೋಡಿದ್ರೂ ನೋಡದ ಹಾಗೆ ಹೋಗೋರು.

ಕೊನೆಗೆ ಕಾಯಿಲೆ ಮತ್ತೆ ತಿರುಗಿ ಬಂತು, ಹೋದ್ಲು. ಸುದ್ದಿ ಬಂದಾಗ ನಲ್ಲಿ ಹತ್ರ ಒಬ್ಳು, “ಹೌದಾ? ಆವಮ್ಮ ಆಗ್ಲೇ ಹೋಗಿರ್ಲಿಲ್ವಾ?” ಅಂದ್ಲು. ನೀರು ಹಿಡಿಯೋದು ಯಾರೂ ನಿಲ್ಲಿಸ್ಲಿಲ್ಲ. ಸ್ನಾನ ಮಾಡಿಸಿ, ಅವಳೇ ಹೊಲ್ಕೊಂಡಿದ್ದ ರವಿಕೆ ತೊಡಿಸಿದ್ರು. ಒಳಗೆ ಬಿಟ್ಟ ಬಟ್ಟೆ ಎರಡೂ ಪಕ್ಕ ಹಾಗೇ ಇತ್ತು.

ಆ ಸೀರೆ ಯಾಕೆ ಹಾಗೆ ಹಿಂಡ್ತಿದೀಯಾ, ಜರಿ ಮುರಿಯುತ್ತೆ. ಇಗೋ, ಕತ್ತರಿ ಕೇಳಿದ್ಯಲ್ಲ, ಹಿಡ್ಕೊ. ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ ಕಣೇ. ಡಾಕ್ಟ್ರು ಕೊಡೋದು ಅಳತೆ. ಅದಕ್ಕೆ ಕತ್ತರಿ ಹಾಕೋರು ಮಾತ್ರ...

ಶ್! ಯಾರೋ ಬಾಗ್ಲು ತಟ್ತಿದಾರೆ. ತಡಿ, ಕಿಟಕೀಲಿ ನೋಡ್ತೀನಿ. ಅಯ್ಯೋ, ನಿಮ್ಮತ್ತೇನೇ. ಕತ್ತಿಗೆ ಸೆರಗು ಸುತ್ಕೊಂಡು ನಿಂತಿದಾರೆ. ಏನೋ ಹೇಳ್ತಿದಾರೆ, ಆ ಪಿಸುಮಾತು ಸರಿಯಾಗಿ ಕೇಳಿಸ್ತಿಲ್ಲ. ಹಾಂ, ಏನಮ್ಮಾ?

ಕೇಳಿಸ್ತಾ ಇಂದ್ರಾ? “ನನ್ನ ನೇರಳೆ ಸೀರೆ ಕಾಣ್ತಿಲ್ಲ, ನಾಳೆ ನಾಮಕರಣಕ್ಕೆ ಉಟ್ಕೊಂಡು ಹೋಗ್ಬೇಕು, ಇಂದ್ರಾ ಎಲ್ಲಿಟ್ಟಿದಾಳೆ ಕೇಳಿ,” ಅಂತಿದಾರೆ.

ಎದ್ದೋಗಿ ಬಾಗ್ಲು ತೆಗಿ, ರಿಪೇರಿಗೆ ಹೋಗಿದೆ ಅನ್ನು.