ಪುನುಗಪ್ಪನ ದಪ್ಪ ಗೋಡೆ

ಒಂದು ಕಾಡಿನಲ್ಲಿ ಪುಷ್ಯ ಮಾಸ ಬಂತೆಂದರೆ ಮೂಳೆ ಕೊರೆಯುವ ಚಳಿ. ಅಲ್ಲಿನ ಪ್ರಾಣಿಗಳು ಬಿದಿರಿನ ಒಂದೊಂದು ತಟ್ಟಿ ಕಟ್ಟಿಕೊಂಡು, ಅದನ್ನೇ ಗೋಡೆ ಎನ್ನುತ್ತಿದ್ದವು. ಹಿಂದಿನ ವರ್ಷ ಮೊಲಕ್ಕನ ಎರಡು ಮರಿಗಳು ಚಳಿಗೆ ಸತ್ತುಹೋದವು. ಎಲ್ಲರೂ ಬಂದು ಅತ್ತು ಹೋದರು. ಅಳುವುದಕ್ಕೇನು, ಯಾರು ಬೇಕಾದರೂ ಅಳಬಹುದು.

ಅಳಿಲಜ್ಜಿ ಅತ್ತು ಸುಮ್ಮನಾಗಲಿಲ್ಲ. ತನ್ನ ಗುಡಿಸಲಿಗೆ ಒಂದರ ಹಿಂದೊಂದು ಎರಡು ತಟ್ಟಿ ಕಟ್ಟಿದಳು. ನಡುವೆ ಗೇಣುದ್ದ ಜಾಗ ಬಿಟ್ಟು, ಬೂರುಗದ ಹತ್ತಿಯನ್ನು ಚೆನ್ನಾಗಿ ಹಿಂಜಿ ಅದರೊಳಗೆ ಹಗುರವಾಗಿ ಉದುರಿಸಿದಳು. ನೋಡಲು ಬಂದವರು ಹೊರಗೆ ಹೋಗಲು ಮನಸ್ಸು ಮಾಡಲಿಲ್ಲ. ಒಳಗೆ ಅಷ್ಟು ಬೆಚ್ಚಗಿತ್ತು.

ಕಾಡಿಗೆಲ್ಲ ಇದ್ದದ್ದು ಒಂದೇ ಬೂರುಗದ ಮರ. ಬೇಸಿಗೆಯಲ್ಲಿ ಕಾಯಿ ಒಡೆದಾಗ ಮನೆಗೆ ಎರಡು ಬುಟ್ಟಿಯಂತೆ ಹತ್ತಿ ಹಂಚಿಕೊಂಡರು.

ಚಳಿ ಶುರುವಾಗುವ ಹೊತ್ತಿಗೆ ಮೊಲಕ್ಕ ಮತ್ತೆ ಬಸುರಿ. ಪುನುಗಪ್ಪ ಎಂಬ ಪುನುಗುಬೆಕ್ಕು ಅವಳ ಮನೆಗೆ ಬಂದ. ಅವನ ಬಾಯಿ ಬೆಲ್ಲ, ಕೈ ಉದ್ದ. ಬಸುರಿ ಹೆಂಗಸು ಮೈಮುರಿದು ದುಡಿಯಬಾರದು, ಗೋಡೆಯನ್ನು ತಾನೇ ಕಟ್ಟಿಕೊಡುತ್ತೇನೆ ಎಂದ. ಅವಳು ನಂಬಿ ಹತ್ತಿಯನ್ನೆಲ್ಲ ಅವನ ಕೈಗೆ ಕೊಟ್ಟಳು. ಅವನು ತಟ್ಟಿಗಳ ನಡುವೆ ಒಣ ಎಲೆಗಳನ್ನು ಬಾಚಿ ಎಸೆದು, ಮೇಲೆ ಮಾತ್ರ ಒಂದು ಹಿಡಿ ಹತ್ತಿ ಇಟ್ಟ. ಉಳಿದದ್ದು ಅವನ ಮನೆ ಸೇರಿತು.

ಇಬ್ಬರ ಹತ್ತಿ ಹಾಕಿದರೆ ಇಮ್ಮಡಿ ಬೆಚ್ಚಗಿರುತ್ತದೆ ಎಂದು ಅವನ ಎಣಿಕೆ. ಹಿಂಜುವ ಗೋಜಿಗೇ ಹೋಗಲಿಲ್ಲ. ಎಲ್ಲವನ್ನೂ ತನ್ನ ಗೋಡೆಗೆ ತುರುಕಿ, ನಾಲ್ಕೂ ಕಾಲಿನಿಂದ ತುಳಿದ.

ಪುಷ್ಯ ಬಂತು. ಮೊಲಕ್ಕ ನಾಲ್ಕು ಮರಿ ಹಾಕಿದಳು. ನಾಲ್ಕೂ ಬೆಚ್ಚಗೆ ಮಲಗಿದವು. ಪುನುಗಪ್ಪನ ಹಲ್ಲು ಮಾತ್ರ ಕಟಕಟ ಎನ್ನುತ್ತಿತ್ತು. ಅಜ್ಜಿಯ ಗೋಡೆಯೇ ಸುಳ್ಳು ಎಂದು ಅವನು ಕಾಡಿನ ತುಂಬ ದೂರಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಅಳಿಲಜ್ಜಿ ಎಲ್ಲರನ್ನೂ ಕರೆದುಕೊಂಡು ಬಂದು ಅವನ ಗೋಡೆ ತಟ್ಟಿ ನೋಡಿದಳು.

"ಯಾಕಪ್ಪಾ ಇಷ್ಟು ಗಟ್ಟಿ?"

"ಹೆಚ್ಚು ತುಂಬಿದರೆ ಹೆಚ್ಚು ಬೆಚ್ಚಗಲ್ಲವೇ, ಅಜ್ಜಿ?"

"ಚಳಿ ತಡೆಯುವುದು ಹತ್ತಿಯಲ್ಲ ಮಗಾ, ಅದರೊಳಗೆ ನಿಂತ ಗಾಳಿ. ಅದನ್ನು ನೀನೇ ತುಳಿದು ಓಡಿಸಿದ್ದೀಯ."

ಅವಳು ಇನ್ನೊಮ್ಮೆ ತಟ್ಟಿದಳು. ಬಿಗಿದು ನಿಂತಿದ್ದ ಬಿದಿರು ಸೀಳಿ, ಹತ್ತಿ ಹೆಂಟೆ ಹೆಂಟೆಯಾಗಿ ಹೊರಬಿತ್ತು. ಅದು ಒಬ್ಬರ ಪಾಲಿನ ಹತ್ತಿ ಅಲ್ಲವೆಂದು ಎಲ್ಲರಿಗೂ ಕಂಡಿತು. ಮೊಲಕ್ಕ ಮನೆಗೆ ಓಡಿ ಗೋಡೆಯೊಳಗೆ ಕೈ ಹಾಕಿದಳು. ಬರೀ ಎಲೆ ಬಂತು. ಸತ್ತ ಮರಿಗಳು ನೆನಪಾಗಿ ಅವಳು ಮಲಗಿದ್ದ ನಾಲ್ಕನ್ನೂ ಮುಟ್ಟಿ ಮುಟ್ಟಿ ನೋಡಿದಳು. ಸಡಿಲವಾಗಿ ಬಿದ್ದ ಎಲೆಗಳಲ್ಲೂ ಗಾಳಿ ನಿಲ್ಲುತ್ತದೆ, ಅವನ ಸೋಮಾರಿತನದಿಂದ ಈ ಮರಿಗಳು ಉಳಿದವು ಎಂದು ಹಿಂದೆಯೇ ಬಂದ ಅಜ್ಜಿ ತಿಳಿಸಿ ಹೇಳಿದಳು.

ಮೊದಲು ಮೊಲಕ್ಕನ ಹತ್ತಿಯನ್ನು ಪುನುಗಪ್ಪ ಹಿಂಜಿ ಕೊಡಬೇಕು, ಆಮೇಲೆ ತನ್ನದು ಎಂದು ತೀರ್ಮಾನವಾಯಿತು. ತುಳಿದ ಹತ್ತಿ ಬೇಗ ಬಿಡಿಸಿಕೊಳ್ಳುವುದಿಲ್ಲ. ಮೂರನೆಯ ದಿನ ಅವನು ಮೊಲಕ್ಕನ ಬಾಗಿಲಿಗೆ ಬಂದು ನಿಂತ.

"ಚಳಿ ತಡೆಯೋಕಾಗ್ತಿಲ್ಲ ತಂಗೀ. ಒಳಗೆ ಸ್ವಲ್ಪ ಜಾಗ ಇದೆಯಾ?"

"ಜಾಗ ಇದೆ ಅಣ್ಣಾ, ನಂಬಿಕೆ ಇಲ್ಲ," ಎಂದು ಮೊಲಕ್ಕ ಬಾಗಿಲು ಹಾಕಿಕೊಂಡಳು.

ನೀತಿ: ನಂಬಿದವರ ಪಾಲನ್ನು ಕದ್ದವನಿಗೆ ತನ್ನ ಪಾಲಿನ ಸುಖವೂ ದಕ್ಕುವುದಿಲ್ಲ.