ಸಿಂಗ್ರ ಜೆಸಿಬಿ ಬೆಳೆದದ್ದು

ಕೇಳ್ರಪ್ಪಾ, ಕೂತೋರು ಕೂತಲ್ಲೇ ಕೇಳಿ, ನಿಂತೋರು ಕೂತ್ಕೊಂಡು ಕೇಳಿ! ಎಲೆದೊಡ್ಡಿ ಅಂತ ಒಂದೂರು. ಆ ಊರಲ್ಲಿ ಪುಟ್ಟೀರಮ್ಮ ಅಂತ ಒಬ್ಬ ತಾಯಿ. ಅವಳಿಗೆ ಸಿಂಗ್ರ ಅಂತ ಒಬ್ಬನೇ ಮಗ. ಆಳು ನೋಡಿದ್ರೆ ಬಾಗ್ಲಲ್ಲಿ ಬಗ್ಗಿ ಬರಬೇಕು, ಅಷ್ಟೆತ್ತರ. ತಲೆ ಒಳಗೆ ಮಾತ್ರ ಬರೀ ಗಾಳಿ. ಹೇಳಿದ್ದನ್ನ ಮಾಡ್ತಿದ್ದ. ಹೇಳಿದಷ್ಟನ್ನೇ ಮಾಡ್ತಿದ್ದ. ಹೇಳಿದಂಗೇ ಮಾಡ್ತಿದ್ದ. ಅದೇ ಕಣ್ರಪ್ಪಾ ಪುಟ್ಟೀರಮ್ಮನ ಕರ್ಮ!

ಪುಟ್ಟೀರಮ್ಮನ ಬದುಕು ನಡೀತಿದ್ದದ್ದು ಮುತ್ತುಗದ ಎಲೆಯಿಂದ. ಕೆರೆ ಹಿಂದೆ ಮುತ್ತುಗದ ತೋಪಿತ್ತು. ಬೆಳಿಗ್ಗೆ ಎದ್ದು ಎಲೆ ಕುಯ್ಯೋದು, ನೆರಳಲ್ಲಿ ಒಣಗಿಸೋದು, ಬಿದಿರು ಕಡ್ಡಿ ಚುಚ್ಚಿ ಊಟದೆಲೆ ಹಚ್ಚೋದು. ಮದುವೆಯಾಗಲಿ ತಿಥಿಯಾಗಲಿ, ಊರೋರು ಉಂಡದ್ದು ಅವಳು ಹಚ್ಚಿದ ಎಲೆ ಮೇಲೆ. ಉಂಡೆಲೆ ತಿಪ್ಪೆಗೆ ಹೋಗಿ ಗೊಬ್ಬರ ಆಗ್ತಿತ್ತು, ಗೊಬ್ಬರ ಹೊಲಕ್ಕೆ ಹೋಗಿ ರಾಗಿ ಆಗ್ತಿತ್ತು. ಕಸ ಅನ್ನೋ ಮಾತೇ ಇರಲಿಲ್ಲ.

ಆಮೇಲೆ ಬಂತು ನೋಡಿ ಪ್ಲಾಸ್ಟಿಕ್ ತಟ್ಟೆ, ಪ್ಲಾಸ್ಟಿಕ್ ಲೋಟ, ಪ್ಲಾಸ್ಟಿಕ್ ಕವರು! ಚರಂಡಿ ಕಟ್ಕೊಂತು, ಕೆರೆ ಕೋಡಿ ಕಟ್ಕೊಂತು, ಊರು ಮೂಗು ಮುಚ್ಕೊಂತು. ಪಂಚಾಯ್ತಿ ಅಧ್ಯಕ್ಷ ಸಂಪಂಗಪ್ಪ ಒಂದಿನ ಅರಳಿಕಟ್ಟೆ ಮೇಲೆ ನಿಂತು ಸಾರೇಬಿಟ್ಟ: "ಮುತ್ತುಗದ ತೋಪು ಕೀಳಿಸ್ತೀನಿ! ದೊಡ್ಡ ಗುಂಡಿ ತೋಡಿಸ್ತೀನಿ! ಊರ ಕಸವೆಲ್ಲ ಅಲ್ಲಿಗೆ!"

ಪುಟ್ಟೀರಮ್ಮ ಎಲೆಕಟ್ಟು ಕಂಕುಳಲ್ಲಿಟ್ಕೊಂಡೇ ಜನದ ನಡುವೆ ನುಗ್ಗಿದಳು.

"ತೋಪಿನ ತಂಟೆಗೆ ಬಂದ್ರೆ ನೆಟ್ಟಗಿರಲ್ಲ, ಅಧ್ಯಕ್ಷರೇ!"

"ಮತ್ತೆ ಕಸ ಎಲ್ಲಿಗೆ ಹಾಕಣಮ್ಮ?"

"ಕಸ ಮಾಡಬೇಡಿ!"

ಸಂಪಂಗಪ್ಪ ಹೊಟ್ಟೆ ಕುಣಿಸಿಕೊಂಡು ನಕ್ಕ. "ಕಸ ಮಾಡದೆ ಬದುಕೋಕಾಯ್ತದಾ? ಮೊದ್ಲು ನಿನ್ನ ಮಗಂಗೆ ಕಲ್ಸು, ಆಮೇಲೆ ಊರಿಗೆ ಕಲ್ಸುವಂತೆ! ನಿನ್ನ ಮನೆಯಿಂದ ಒಂದು ಹಿಡಿ ಕಸ ಹೊರಕ್ಕೆ ಬರದಂಗೆ ಬದುಕಿ ತೋರ್ಸು. ಗ್ರಾಮಸಭೇಲಿ ನಿನ್ನ ಮಾತಿಗೂ ಕಿವಿ ಕೊಡ್ತೀನಿ."

"ತೋರಿಸ್ತೀನಿ! ತೋರಿಸ್ದೆ ಹೋದ್ರೆ ನನ್ನ ಹೆಸರು ಪುಟ್ಟೀರಮ್ಮ ಅಲ್ಲ!"

ಹಂಗಂತ ಸವಾಲು ಹಾಕಿ ಮನೆಗೆ ಬಂದ್ರೆ, ಮಗರಾಯ ಅಂಗಡಿಯಿಂದ ಬಂದು ನಿಂತಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಕವರು. ಕವರೊಳಗೆ ಇನ್ನೊಂದು ಕವರು. ಅದರೊಳಗೆ ಒಂದು ಹಿಡಿ ಸಾಸಿವೆ!

"ಅಯ್ಯೋ ನಿನ್ನ ಮನೆ ಕಾಯ್ವಾಗ! ಇನ್ಮೇಲೆ ಕವರು ಮುಟ್ಟಿದ್ರೆ ಕೈ ಮುರೀತೀನಿ. ಅಂಗಡಿಯಿಂದ ಏನು ತಂದ್ರೂ ಬಟ್ಟೆ ಚೀಲದಲ್ಲಿ ತರಬೇಕು. ತಿಳೀತಾ?"

"ತಿಳೀತು ಕಣವ್ವ!"

ಮಾರನೇ ದಿನ ಕಡ್ಲೆಕಾಯಿ ಎಣ್ಣೆ ಬೇಕಾಯ್ತು. ಸಿಂಗ್ರ ಬಟ್ಟೆ ಚೀಲ ತಗೊಂಡು ಹೋದ. ಗಾಣದೋನ ಮುಂದೆ ಚೀಲದ ಬಾಯಿ ಅಗಲಿಸಿ ಹಿಡಿದ.

"ಹುಯ್ಯಿ!"

"ಪಾತ್ರೆ ಎಲ್ಲಿ?"

"ಅವ್ವ ಚೀಲ ಅಂದವ್ಳೆ, ಹುಯ್ಯಿ!"

ಗಾಣದೋನೂ ಚೇಷ್ಟೆ ಮನುಷ್ಯ, ಹುಯ್ದೇಬಿಟ್ಟ. ಸಿಂಗ್ರ ಚೀಲ ಹೆಗಲಿಗೆ ಹಾಕ್ಕೊಂಡು ಬಂದ. ದಾರಿಯುದ್ದಕ್ಕೂ ಎಣ್ಣೆ ತೊಟ್ಟಿಕ್ತು. ಊರ ನಾಯಿಗಳೆಲ್ಲ ನೆಕ್ಕೊಂಡು ಹಿಂದೆ ಬಂದವು. ಮನೆ ಮುಟ್ಟೋ ಹೊತ್ತಿಗೆ ಸಿಂಗ್ರನ ಬೆನ್ನು ಮಿಂಚ್ತಿತ್ತು, ಚೀಲ ಖಾಲಿ!

ಪುಟ್ಟೀರಮ್ಮ ಹಣೆ ಹಣೆ ಚಚ್ಕೊಂಡಳು. "ಎಣ್ಣೇನ ಬೆನ್ನಿಗೆ ಹಚ್ಕೊಂಡು ಬಂದ್ಯೇನ್ಲಾ! ಒಂದು ತೊಟ್ಟೂ ಪೋಲು ಮಾಡಬಾರದು ಕಣ್ಲಾ. ಎಣ್ಣೆ ಆಗ್ಲಿ ನೀರಾಗ್ಲಿ, ಒಂದ್ಸಲ ಬಳಸಿದ್ದನ್ನ ಚೆಲ್ಲದೆ ಇನ್ನೊಂದ್ಸಲ ಬಳಸ್ಬೇಕು. ತಿಳೀತಾ?"

"ತಿಳೀತು ಕಣವ್ವ!"

ತಿಳೀತಂತೆ! ಅವನಿಗೆ ತಿಳಿದ್ರೆ ಈ ಕತೆ ನಾನ್ಯಾಕೆ ಹೇಳ್ತಿದ್ದೆ?

ಆ ವಾರದಲ್ಲೇ ಪಂಚಾಯ್ತಿ ಮೆಂಬರು ಜಯಶೀಲಮ್ಮ ಮನೆಗೆ ಬಂದಳು. ಅಧ್ಯಕ್ಷನ ಎದುರು ಮಾತಾಡೋ ಗುಂಡಿಗೆ ಇದ್ದ ಒಬ್ಬಳೇ ಮೆಂಬರು. "ನಿಮ್ಮ ಮನೇಲಿ ಕಸವೇ ಇಲ್ವಂತೆ ಪುಟ್ಟೀರಕ್ಕ, ನೋಡಣ ಅಂತ ಬಂದೆ. ನಿಜವಾದ್ರೆ ಸಭೇಲಿ ನಿನ್ನ ಪರ ನಾನು ಎದ್ದು ನಿಲ್ತೀನಿ."

ಪುಟ್ಟೀರಮ್ಮನಿಗೆ ಎಷ್ಟು ಖುಷಿ ಅಂತೀರಿ! ತರಕಾರಿ ಸಿಪ್ಪೆ ಹಾಕೋ ತಿಪ್ಪೆಗುಂಡಿ ತೋರಿಸಿದಳು, ಹಳೇ ಸೀರೇಲಿ ಹೊಲಿದ ಚೀಲ ತೋರಿಸಿದಳು. "ಲೋ ಸಿಂಗ್ರ, ಮೆಂಬರಮ್ಮಂಗೆ ಕೈಕಾಲಿಗೆ ನೀರು ಕೊಡು. ಆಮೇಲೆ ಒಳಗೆ ಬೆಲ್ಲ ಐತೆ, ನಿಂಬೆಹಣ್ಣೈತೆ, ಪಾನಕ ಮಾಡ್ಕೊಂಡು ಬಾ!"

ಸಿಂಗ್ರ ನೀರು ಕೊಟ್ಟ. ಜಯಶೀಲಮ್ಮ ಕಾಲು ತೊಳೆದಳು. ಕಾಲ ಕೆಳಗೆ ಅಗಲವಾದ ಬೋಗುಣಿ ಇಟ್ಟು ಒಂದು ತೊಟ್ಟೂ ಪೋಲಾಗದಂಗೆ ಹಿಡ್ಕೊಂಡ. ಎಷ್ಟು ಜಾಣ ಮಗ ಅಂತ ಮೆಂಬರಮ್ಮ ಮೆಚ್ಕೊಂಡಳು. ಜಾಣ ಮಗ ಬೋಗುಣಿ ತಗೊಂಡು ಒಳಗೆ ಹೋದ, ಬೆಲ್ಲ ಹಾಕ್ದ, ನಿಂಬೆಹಣ್ಣು ಹಿಂಡ್ದ, ಲೋಟಕ್ಕೆ ಹುಯ್ದು ತಂದ.

ಮೆಂಬರಮ್ಮ ಒಂದು ಗುಟುಕು ಕುಡಿದಳು. "ಏನಿದು, ಮಣ್ಣು ಮಣ್ಣು ಅನ್ನಿಸ್ತದಲ್ಲ?"

"ನಿಮ್ಮ ಕಾಲಿಂದೇ ಕಣಮ್ಮ! ಚೆಲ್ಲಬಾರದು, ಇನ್ನೊಂದ್ಸಲ ಬಳಸ್ಬೇಕು!"

ಥೂ! ಥೂ! ಥೂ! ಜಯಶೀಲಮ್ಮ ಉಗಿದ ರಭಸಕ್ಕೆ ಅಂಗಳದಲ್ಲಿದ್ದ ಕೋಳಿ ಮಾಡು ಹತ್ತಿತು. "ತಾಯಿ ಮಗ ಸೇರ್ಕೊಂಡು ನನ್ನ ಮಾನ ತೆಗೆದ್ರಿ! ನಿಮ್ಮ ಪರ ಎದ್ದು ನಿಂತ್ರೆ ಕೇಳಿ!" ಅಂತ ಚಪ್ಪಲಿ ಮೆಟ್ಕೊಂಡು ಹೊರಟೇಹೋದಳು.

ಪುಟ್ಟೀರಮ್ಮನ ಕಣ್ಣಲ್ಲಿ ನೀರು ಬಂತು. ದುಃಖಕ್ಕಿಂತ ಸಿಟ್ಟು ಜಾಸ್ತಿ. "ಇದ್ದೊಬ್ಬಳನ್ನೂ ಓಡಿಸಿದ್ಯಲ್ಲೋ! ನೀರಿನ ಸುದ್ದಿಗೆ ಹೋಗಬೇಡ ಇನ್ನ. ಅಷ್ಟು ಉಳಿಸೋ ಆಸೆ ಇದ್ರೆ ಕರೆಂಟು ಉಳ್ಸು. ಯಾರೂ ಇಲ್ದೆ ಫ್ಯಾನು ತಿರುಗ್ತಿದ್ರೆ ಆರಿಸು. ತಿಳೀತಾ?"

"ತಿಳೀತು ಕಣವ್ವ!"

ಗ್ರಾಮಸಭೆ ದಿನ ಬಂತು. ಪಂಚಾಯ್ತಿ ಹಾಲ್ ತುಂಬ ಜನ. ಹೊತ್ತು ಮುಳುಗ್ತಾ ಇತ್ತು. ಪುಟ್ಟೀರಮ್ಮ ಮೈಕು ಹಿಡಿದಳು. ಹುಟ್ಟಿದಾಗಿಂದ ಮೈಕು ಹಿಡಿದೋಳಲ್ಲ. ಆದ್ರೂ ಅವತ್ತು ಮಾತಾಡಿದಳು ನೋಡಿ, ಎಂಥಾ ಮಾತು!

"ನಿಮ್ಮ ಮದುವೆಗೆಲ್ಲ ಎಲೆ ಹಚ್ಚಿದ್ದು ಈ ಕೈ. ಒಂದು ಎಲೆ ಆದ್ರೂ ಕೆರೇಲಿ ತೇಲಿತಾ? ಒಂದು ಹಸುವಿನ ಹೊಟ್ಟೆಗೆ ಹೋಗಿ ಕೂತ್ಕೊಂತಾ? ತೋಪು ಕಿತ್ತು ಗುಂಡಿ ಮಾಡಿದ್ರೆ ಗುಂಡಿ ತುಂಬಿದ ಮೇಲೇನು? ಇನ್ನೊಂದು ತೋಪು ಕೀಳ್ತೀರಾ? ಅದೂ ತುಂಬಿದ ಮೇಲೆ ನಮ್ಮ ಮನೆ ಕೀಳ್ತೀರಾ?"

"ಹೌದು, ಹೌದು!" ಅಂತ ಹಿಂದಿಂದ ಹೆಂಗಸರು ಕೂಗಿದ್ರು. ಕೂತಿದ್ದೋರು ಎದ್ದು ನಿಂತ್ರು. ಮುಖ ಗಂಟು ಹಾಕ್ಕೊಂಡಿದ್ದ ಜಯಶೀಲಮ್ಮನೂ ತಲೆ ಆಡಿಸಿದಳು. ಸಂಪಂಗಪ್ಪನ ಹಣೇಲಿ ಬೆವರು ಮೂಡ್ತು.

ಅಷ್ಟೊತ್ತಿಗೆ ಸರಿಯಾಗಿ ಸಿಂಗ್ರನ ಕಣ್ಣು ಮೇಲಕ್ಕೆ ಹೋಯ್ತು. ಜನ ಎದ್ದು ನಿಂತಿದ್ರಲ್ಲ, ಕೆಳಗೆ ಖಾಲಿ ಕುರ್ಚಿ, ಮೇಲೆ ಫ್ಯಾನು ಗಿರಗಿರ! ಅಯ್ಯಯ್ಯೋ, ಖಾಲಿ ಕುರ್ಚಿಗೆ ಗಾಳಿ! ಗೋಡೆ ತುಂಬ ಸ್ವಿಚ್ಚು, ಯಾವುದು ಯಾವುದರದ್ದು ಅಂತ ಅವನಿಗೇನು ಗೊತ್ತು? ಮೂಲೇಲಿದ್ದ ದೊಡ್ಡ ಫ್ಯೂಸನ್ನೇ ಕಿತ್ತು ಜೇಬಿಗೆ ಹಾಕ್ಕೊಂಡ.

ಫ್ಯಾನು ನಿಂತಿತು. ಮೈಕು ಸತ್ತಿತು. ಹಾಲ್ ಪೂರ್ತಿ ಕತ್ತಲೆ. ಏನಾಯ್ತೋ ಏನೋ ಅಂತ ಎಲ್ಲರೂ ಒಂದು ಗಳಿಗೆ ಉಸಿರು ಬಿಗಿಹಿಡಿದ್ರು. ಆ ಕತ್ತಲೆಯೊಳಗಿಂದ ಸಂಪಂಗಪ್ಪನ ಗಂಟಲು ಕೇಳಿಸ್ತು: "ಯಾರೂ ಮಾತಾಡ್ತಿಲ್ಲ, ಅಂದ್ಮೇಲೆ ಯಾರ ತಕರಾರೂ ಇಲ್ಲ! ತೀರ್ಮಾನ ಪಾಸು! ನಾಳೆ ಬೆಳಿಗ್ಗೆ ಜೆಸಿಬಿ ಬರ್ತದೆ!"

ಮನೆಗೆ ಬರೋವರೆಗೂ ಪುಟ್ಟೀರಮ್ಮ ಮಾತಾಡಲಿಲ್ಲ. ಬಂದ ಮೇಲೆ ನಿಲ್ಲಿಸಲಿಲ್ಲ. "ಗೆದ್ದಿದ್ದೆ ಕಣ್ಲಾ! ಗೆದ್ದೇಬಿಟ್ಟಿದ್ದೆ! ನಿನ್ನನ್ನ ಯಾವ ಗಳಿಗೇಲಿ ಹೆತ್ತೆನೋ! ಇನ್ಮೇಲೆ ನೀನು ಏನನ್ನೂ ಆರಿಸಬೇಡ, ಏನನ್ನೂ ಉಳಿಸಬೇಡ. ಕೈ ಸುಮ್ಮನಿರಲ್ಲ ಅಂದ್ರೆ ಬೀಜ ಬಿತ್ತು! ಕೈಗೆ ಸಿಕ್ಕಿದ್ದನ್ನ ಬಿಸಾಕಬೇಡ, ಮಣ್ಣಲ್ಲಿ ಹುಗಿದು, ಮೇಲೆ ತರಗು ಮುಚ್ಚಿ, ನೀರು ಹುಯ್ಯಿ. ಒಂದಕ್ಕೆ ಹತ್ತಾಗ್ತದೆ. ತಿಳೀತಾ?"

"ತಿಳೀತು ಕಣವ್ವ!" ಅಂದ ಸಿಂಗ್ರ, ಕಣ್ಣೊರೆಸ್ಕೊಂಡು. ಅವ್ವ ಅತ್ರೆ ಅವನೂ ಅಳ್ತಿದ್ದ. ಪೆದ್ದ ಇರಬಹುದು, ಕಲ್ಲಲ್ಲವಲ್ಲ.

ಬೆಳಿಗ್ಗೆ ಪುಟ್ಟೀರಮ್ಮ ಒಂದು ಎಲೆಕಟ್ಟು, ಒಂದು ಹಿಡಿ ಬಿದಿರುಕಡ್ಡಿ ತಗೊಂಡು ತೋಪಿಗೆ ಹೋದಳು. ನಡುಮಧ್ಯದ ದೊಡ್ಡ ಮರದ ಬುಡದಲ್ಲಿ ಚಕ್ಕಂಬಕ್ಕಳ ಹಾಕಿ ಕೂತು ಎಲೆ ಹಚ್ಚೋಕೆ ಶುರು ಮಾಡಿದಳು. ಜೆಸಿಬಿ ಗಡಗಡ ಅಂತ ಬಂತು. ಹಿಂದೆ ಸಂಪಂಗಪ್ಪ.

"ಏಳಮ್ಮ!"

"ಏಳಲ್ಲ!"

"ಪೊಲೀಸ್ನೋರನ್ನ ಕರೀತೀನಿ!"

"ಕರೀರಿ! ಅವರಿಗೂ ಒಂದೊಂದು ಎಲೆ ಹಚ್ಚಿಡ್ತೀನಿ, ಉಂಡು ಹೋಗಲಿ!"

ಸಂಪಂಗಪ್ಪ ಫೋನು ಹಿಡ್ಕೊಂಡು ಸಿಗ್ನಲ್ ಹುಡುಕ್ತಾ ಕೆರೆ ಏರಿ ಹತ್ತಿದ. ಡ್ರೈವರು ಗಾಡಿ ಆರಿಸಿ, ಕೀ ಅದರಲ್ಲೇ ಬಿಟ್ಟು, ಬೀಡಿ ಹಚ್ಕೊಂಡು ಆ ಕಡೆಗೆ ಹೋದ. ಆಗ ಬಂದ ನಮ್ಮ ಸಿಂಗ್ರ, ಕೈಯಲ್ಲಿ ಅವ್ವನಿಗೆ ನೀರಿನ ಬಿಂದಿಗೆ ಹಿಡ್ಕೊಂಡು.

ಹಳದಿ ಗಾಡಿ ನೋಡಿದ. ಸುತ್ತ ಒಂದು ಸುತ್ತು ಬಂದ. ಎಂಥಾ ದೊಡ್ಡ ಕೈ! ಎಂಥಾ ಗುಂಡಿ ತೋಡ್ತದೆ! ಪಾಪ, ಅಧ್ಯಕ್ಷರತ್ರ ಇರೋದು ಇದೊಂದೇ. ಹತ್ತು ಇದ್ದಿದ್ರೆ ಊರೋರೆಲ್ಲ ಗುಂಡಿ ತೋಡ್ಕೊಂಡು ಮರ ನೆಡಬಹುದಿತ್ತು! ಒಳಗೆ ಕೈ ಹಾಕ್ದ. ಕೀ ಕೈಗೆ ಸಿಕ್ತು.

ಕೈಗೆ ಸಿಕ್ಕಿದ್ದನ್ನ ಏನು ಮಾಡಬೇಕು? ಅವ್ವ ನಿನ್ನೆ ತಾನೇ ಹೇಳಿದ್ಲಲ್ಲ! ಒಂದು ಮರದ ಪಕ್ಕ ಗೇಣುದ್ದ ಗುಂಡಿ ತೋಡ್ದ, ಕೀ ಹುಗಿದ, ತರಗು ಮುಚ್ಚಿದ, ಬಿಂದಿಗೆ ನೀರೆಲ್ಲ ಹುಯ್ದ. ಕೈ ಕೊಡವಿಕೊಂಡು ಎದ್ದ.

ಡ್ರೈವರು ಬಂದು ನೋಡ್ತಾನೆ, ಕೀ ಇಲ್ಲ! ಸಂಪಂಗಪ್ಪ ಓಡ್ಕೊಂಡು ಬಂದ. "ಕೀ ಎಲ್ಲೋ?"

"ಬಿತ್ತಿದ್ದೀನಿ ಸ್ವಾಮಿ!" ಅಂದ ಸಿಂಗ್ರ ಹಲ್ಲು ಕಿರಿದು. "ಒಂದಕ್ಕೆ ಹತ್ತಾಗ್ತದೆ! ಆದ ಮೇಲೆ ನಿಮಗೇ ಎರಡು ಜೆಸಿಬಿ ಕೊಡ್ತೀನಿ!"

"ಎಲ್ಲಿ ಬಿತ್ತಿದ್ದೀಯೋ, ಮುಠ್ಠಾಳ?"

"ಇಲ್ಲೇ. ಇಲ್ಲೇ ಒಂದು ಮರದ ಪಕ್ಕ!" ಅಂತ ಇಡೀ ತೋಪಿನ ಕಡೆ ಕೈ ಬೀಸಿದ. ಎಲ್ಲ ಮರವೂ ಒಂದೇ ಥರ, ಎಲ್ಲ ಕಡೆಯೂ ತರಗು. ಅವನಿಗೇ ಮರೆತುಹೋಗಿತ್ತು!

ಪುಟ್ಟೀರಮ್ಮ ಬಾಯಿ ತೆಗೆದಿದ್ದಳು ಬೈಯೋಕೆ. ಅಭ್ಯಾಸ ನೋಡಿ! "ಎಲಾ ಮೂ..." ಅಂದಳು, ಅಷ್ಟಕ್ಕೇ ನಿಲ್ಲಿಸಿದಳು. ಪಕ್ಕದ ಮರದ ಬುಡದಲ್ಲಿ ಬೊಗಸೆಯಷ್ಟು ತರಗು ಒದ್ದೆಯಾಗಿದ್ದದ್ದು ಅವಳ ಕಣ್ಣಿಗೆ ಬಿತ್ತು. ಮೆಲ್ಲಗೆ ಎದ್ದಳು, ಎಲೆಕಟ್ಟು ಎತ್ಕೊಂಡಳು, ಹೋಗಿ ಆ ಒದ್ದೆ ತರಗಿನ ಮೇಲೇ ಕೂತಳು. ಸೀರೆ ತಣ್ಣಗಾಯ್ತು. ಮನಸ್ಸೂ ತಣ್ಣಗಾಯ್ತು.

"ಪುಟ್ಟೀರಮ್ಮ, ನಿನ್ನ ಮಗಂಗೆ ನೀನಾದ್ರೂ ಹೇಳು!"

"ನಾನೇನು ಹೇಳ್ಲಿ ಅಧ್ಯಕ್ಷರೇ? ಮಗಂಗೆ ಕಲ್ಸು ಅಂದ್ರಿ, ಕಲ್ಸಿದ್ದೀನಿ!"

"ತೋಪೆಲ್ಲ ಅಗೆದು ಹುಡುಕ್ರೋ ಕೀನ!" ಅಂತ ಸಂಪಂಗಪ್ಪ ಅರಚಿದ.

"ಅಗೀಬೋದು ಸಾರ್," ಅಂದ ಡ್ರೈವರು. "ಆದ್ರೆ ಅಗೆಯೋಕೆ ಗಾಡಿ ಶುರು ಆಗ್ಬೇಕು. ಶುರು ಆಗೋಕೆ ಕೀ ಬೇಕು."

ಇಷ್ಟಾಗೋ ಹೊತ್ತಿಗೆ ಸುದ್ದಿ ಊರಿಗೆ ಮುಟ್ಟಿ, ಜನ ನಕ್ಕೊಂಡು ನಕ್ಕೊಂಡು ತೋಪಿಗೆ ಬಂದ್ರು. ಮುಂದೆ ಯಾರು ಅಂತೀರಿ? ಜಯಶೀಲಮ್ಮ! ಪುಟ್ಟೀರಮ್ಮನ ಪಕ್ಕದ ಮರದ ಬುಡದಲ್ಲಿ ಸೀರೆ ಮುದುರಿ ಕೂತಳು. "ಬಿತ್ತಿದ ಜಾಗ ಯಾವುದೋ ಏನೋ, ತುಳೀಬಾರದು ನೋಡಿ! ಕೊಡಕ್ಕ ಇತ್ಲಾಗೆ ನಾಲ್ಕು ಕಡ್ಡಿ. ಪಾನಕ ಮಾತ್ರ ತರಿಸಬೇಡ!" ಒಬ್ಬೊಬ್ಬ ಹೆಂಗಸೂ ಒಂದೊಂದು ಮರ ಹಿಡಿದು ಕೂತಳು. ಮಧ್ಯಾಹ್ನಕ್ಕೆ ಪಟ್ಟಣದಿಂದ ಇನ್ನೊಂದು ಕೀ ಬಂತು. ಬಂದು ಏನು ಮಾಡ್ತದೆ? ಗಾಡಿ ನುಗ್ಗಿಸೋಕೆ ಒಂದು ಮರವೂ ಖಾಲಿ ಇರಲಿಲ್ಲ.

"ಎದ್ದೇಳಿ!" ಅಂದ ಸಂಪಂಗಪ್ಪ.

"ಏಳಲ್ಲ!" ಅಂತು ಇಡೀ ತೋಪು.

"ಹಂಗಾದ್ರೆ ನಿಮ್ಮ ಕಸ ನೀವೇ ನೋಡ್ಕೊಳ್ಳಿ!"

"ನೋಡ್ಕೋತೀವಿ! ನಮ್ಮ ಮನೆ ಕಸ ನಮ್ಮ ತಿಪ್ಪೆಗೆ. ನಿಮ್ಮ ಮನೆ ಮದುವೆ ಪ್ಲಾಸ್ಟಿಕ್ ತಟ್ಟೆ ನಿಮ್ಮ ಮನೆ ಹಿತ್ತಲಿಗೆ!" ಅಂದಳು ಪುಟ್ಟೀರಮ್ಮ.

ಡ್ರೈವರು ಹೊಸ ಎಲೆ ಮೇಲೆ ಮುದ್ದೆ ಉಂಡು, ಎಲೆ ಮಡಿಸಿ ತಾನೇ ತಿಪ್ಪೆಗೆ ಹಾಕಿ, ಗಾಡಿ ತಿರುಗಿಸ್ಕೊಂಡು ಹೋದ. ಸಂಪಂಗಪ್ಪ ಅದರ ಹಿಂದೆ ನಡ್ಕೊಂಡು ಹೋದ.

ಸಿಂಗ್ರ ಮಾತ್ರ ಬಿಡಲಿಲ್ಲ. ಕೀ ಬಿತ್ತಿದ್ದು ಅವತ್ತು ಅವ್ವ ಕೂತಿದ್ದ ಜಾಗದಲ್ಲೇ ಇರಬೇಕು ಅಂತ, ದಿನಾ ಬೆಳಿಗ್ಗೆ ಒಂದು ಬಿಂದಿಗೆ ನೀರು ಹುಯ್ದ. ಪುಟ್ಟೀರಮ್ಮ ಒಂದಿನವೂ ಬೇಡ ಅನ್ನಲಿಲ್ಲ. ಅವನಿಗೆ ಜ್ವರ ಬಂದಾಗ ತಾನೇ ಹೋಗಿ ಹುಯ್ದು ಬಂದಳು. ಮಳೆ ಬಿತ್ತು, ತರಗು ಕೊಳೀತು. ಒಂದಿನ ಸಿಂಗ್ರ ಕೇರಿಯೆಲ್ಲ ಎಚ್ಚರಾಗೋ ಹಂಗೆ ಕೂಗ್ಕೊಂಡು ಓಡಿ ಬಂದ.

"ಅವ್ವಾ! ಜೆಸಿಬಿ ಮೊಳೀತು! ಜೆಸಿಬಿ ಮೊಳೀತು!"

ಪುಟ್ಟೀರಮ್ಮ ಹೋಗಿ ನೋಡ್ತಾಳೆ, ಮೂರೆಲೆಯ ಮುತ್ತುಗದ ಸಸಿ, ಬೆರಳುದ್ದ. ಸಿಂಗ್ರ ನೆಲಕ್ಕೆ ಕಿವಿ ಹಚ್ಚಿ ಗಡಗಡ ಸದ್ದು ಕೇಳಿಸ್ತದಾ ಅಂತ ಆಲಿಸ್ತಿದ್ದ.

"ಸದ್ದಿಲ್ಲ ಕಣವ್ವ. ಬಣ್ಣಾನೂ ಹಸಿರಾಗೈತೆ. ಇನ್ನೂ ಕಾಯಿ ಅನ್ಸುತ್ತೆ. ಹಣ್ಣಾದ್ರೆ ಹಳದಿ ಆಗ್ತದಾ?"

ಪುಟ್ಟೀರಮ್ಮ ಬೈಯಲಿಲ್ಲ. ಅವನ ತಲೆ ಮೇಲೆ ಕೈಯಿಟ್ಟಳು. "ಆಗ್ತದೆ ಕಣ್ಲಾ ಮಗನೇ. ಹೋಗು, ಅಧ್ಯಕ್ಷರ ಮನೆ ಬಾಗಿಲಲ್ಲಿ ನಿಂತು ಊರಿಗೆಲ್ಲ ಕೇಳಿಸೋ ಹಂಗೆ ಹೇಳಿ ಬಾ: ನಿಮ್ಮ ಜೆಸಿಬಿ ಮೊಳೆತೈತೆ, ಹಣ್ಣಾಗೋವರೆಗೂ ತೋಪನ್ನ ಯಾರೂ ಮುಟ್ಟಂಗಿಲ್ಲ ಅಂತ!"

"ತಿಳೀತು ಕಣವ್ವ!" ಅಂದ ಸಿಂಗ್ರ. ಹೋದ. ಹೇಳಿದಂಗೇ ಹೇಳಿ ಬಂದ.