ಟೈರು ಆರಿಸಿದ ರಿಮ್

ಹುಲಿಗೆಮ್ಮ ಬಂಡೆಯಿಂದ ಬಂಡೆಗೆ ಸೈಕಲ್ ಹಾರಿಸುವ ಹುಡುಗಿ. ಅವಳ ಹಿಂದಿನ ಗಾಲಿಯ ಅಗಲವಾದ ರಿಮ್ ಏಟು ತಿಂದು ತಿಂದು ಸೊಟ್ಟಗಾಗಿ, ಪಂಪಣ್ಣನ ಸೈಕಲ್ ಶಾಪಿನ ಮೊಳೆಯಲ್ಲಿ ನೇತಾಡುತ್ತಿತ್ತು. ಅದರಿಂದ ಬಿಚ್ಚಿದ ಟೈರು ಕೆಳಗೆ ಎರಡು ಹೊಸ ರಿಮ್‌ಗಳ ಪಕ್ಕದಲ್ಲಿತ್ತು; ಒಂದು ಸಣಕಲು, ಇನ್ನೊಂದು ಅಗಲ.

"ನನ್ನ ಜೊತೆ ಬಾ," ಎಂದಿತು ಸಣಕಲು ರಿಮ್. "ನಾನು ಹಗುರ. ಇನ್ನೂ ಎತ್ತರಕ್ಕೆ ಹಾರೋಣ."

"ಇಳಿಯುವಾಗ ಅವಳ ಭಾರವೆಲ್ಲ ಹಿಂದಿನ ಗಾಲಿಯ ಮೇಲೆ ಬೀಳುತ್ತದೆ," ಎಂದಿತು ಟೈರು. "ಆಗ ಏನು ಮಾಡುತ್ತೀ?"

"ಅದನ್ನು ಆಗ ನೋಡಿಕೊಂಡರಾಯಿತು."

ಅಗಲವಾದ ಹೊಸ ರಿಮ್ ಟೈರನ್ನು ಕರೆಯಲೇ ಇಲ್ಲ. ಅದು ಮೊಳೆಯಲ್ಲಿದ್ದ ಹಳೆಯ ರಿಮ್ಮಿನ ಕಡೆ ನೋಡಿ ಕೇಳಿತು: "ಅಜ್ಜಾ, ನಿನಗೆ ಆ ದೊಡ್ಡ ತಗ್ಗು ಹೇಗೆ ಬಿತ್ತು?"

"ಒಂದು ಸಂಜೆ ಟೈರಿನಲ್ಲಿ ಗಾಳಿ ತೀರಾ ಕಡಿಮೆಯಿತ್ತು. ಅವಳು ನೋಡದೆ ಹಾರಿದಳು. ಕಲ್ಲಿನ ಏಟು ನಾನು ತಿಂದೆ. ಅವಳು ಹಾಡಿಕೊಂಡು ಮನೆಗೆ ಹೋದಳು."

"ತುಂಬಾ ನೋವಾಯಿತೇ?"

ಹಳೆಯ ರಿಮ್ ಸ್ವಲ್ಪ ಯೋಚಿಸಿತು. "ಅದು ಮರೆತುಹೋಗಿದೆ. ಹಾಡು ನೆನಪಿದೆ."

ಆಗ ಹುಲಿಗೆಮ್ಮ ಬಂದು ಟೈರನ್ನು ಸಣಕಲು ರಿಮ್ಮಿಗೆ ಕೂರಿಸಿ ಹೆಬ್ಬೆರಳಿನಿಂದ ಒತ್ತಿದಳು. ಟೈರು ಪಕ್ಕಕ್ಕೆ ಹೊರಳಿತು. ಅಗಲವಾದ ರಿಮ್ಮಿಗೆ ಕೂರಿಸಿ ಒತ್ತಿದಳು. ಟೈರು ಅದನ್ನು ಬಿಗಿಯಾಗಿ ಹಿಡಿದುಕೊಂಡಿತು, ಅಲುಗಲಿಲ್ಲ.

"ಇದನ್ನೇ ಹಾಕ್ರಿ, ಪಂಪಣ್ಣ," ಎಂದಳು.

ಗಾಲಿ ಸಿದ್ಧವಾದ ಮೇಲೆ ಅವಳು ಸೈಕಲ್ ಏರಿ ಅದೇ ಹಾಡು ಗುನುಗುತ್ತಾ ಹೊರಟಳು. ಮೊಳೆಯಲ್ಲಿದ್ದ ರಿಮ್ ಹಿಂದಿನಿಂದ ಟೈರಿಗೆ ಕೂಗಿ ಹೇಳಿತು:

"ತಮ್ಮಾ, ಗಾಳಿ ನೋಡಿಕೋ."